ಕೂಡದ ಲೆಕ್ಕ, ಕಾಣದ ಗ್ರಹ

ಸೂರ್ಯನನ್ನು ಬಿಟ್ಟು ಬೇರೊಂದು ನಕ್ಷತ್ರದ ಸುತ್ತ ಗ್ರಹ ಇರಬೇಕೆಂದು, ಅಳತೆಯ ಪಟ್ಟಿಯನ್ನೇ ಮುಂದಿಟ್ಟು ವಿಜ್ಞಾನ ಪತ್ರಿಕೆಗೆ ಬರೆದವರಲ್ಲಿ ಮೊದಲಿಗರೆಂದು ಇಂದು ಎಣಿಕೆಯಾಗುವವರು ಮದ್ರಾಸ್ ವೀಕ್ಷಣಾಲಯದ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್. ವರ್ಷ 1855. ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಅಚ್ಚಾಯಿತು. ಅವರು ಬೆರಳು ತೋರಿದ ಜಾಗದಲ್ಲಿ ಗ್ರಹ ಇರಲಿಲ್ಲ. ಆದರೂ ಅನ್ಯಗ್ರಹಗಳ ಹುಡುಕಾಟದ ಚರಿತ್ರೆಯನ್ನು ನಾನು ಓದಲು ತೊಡಗಿದ್ದು ಅವರಿಂದಲೇ. ಅವರು ಮೂಲತಃ ನನ್ನ ಕಸುಬಿನವರು.

ನಾನು ಸರ್ವೇ ಇಲಾಖೆಗೆ ಮೋಜಣಿದಾರನಾಗಿ ಸೇರಿ, ಕೋಲಾರದ ಕಡೆಯ ಹಳ್ಳಿಗಳಲ್ಲಿ ಹದ್ದುಬಸ್ತು, ಪೋಡಿ ಎಂದು ಓಡಾಡುತ್ತಲೇ ನಿವೃತ್ತನಾದವನು. ಕೆಲಸ ಕಲಿತದ್ದು 33 ಅಡಿಯ ಸರಪಳಿಯಲ್ಲಿ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ, ಅಷ್ಟು ನೆಲವೇ ಒಂದು ಗುಂಟೆ. ಆಮೇಲೆ ಥಿಯೊಡೊಲೈಟ್ ಕೈಗೆ ಬಂತು, ಕೊನೆಗಾಲದಲ್ಲಿ ಟೋಟಲ್ ಸ್ಟೇಷನ್. ಉಪಕರಣ ಯಾವುದೇ ಇರಲಿ, ಒಂದು ಸಂಗತಿ ಮಾತ್ರ ಬದಲಾಗಲಿಲ್ಲ. ಒಂದು ಬಾಂದು ಕಲ್ಲಿನಿಂದ ಹೊರಟು, ಕೋನ ನೋಡುತ್ತ, ದೂರ ಅಳೆಯುತ್ತ ಊರೆಲ್ಲ ಸುತ್ತಿ ಮತ್ತೆ ಅದೇ ಕಲ್ಲಿಗೆ ಬಂದರೆ, ಕಾಗದದ ಮೇಲೆ ಕೊನೆಯ ಬಿಂದು ಮೊದಲ ಬಿಂದುವಿನ ಮೇಲೆ ಕೂರಬೇಕು. ಸರಿಯಾಗಿ ಕೂತದ್ದನ್ನು ನಾನು ಕಂಡಿಲ್ಲ. ಉಳಿಯುವ ಆ ಅಂತರಕ್ಕೆ ನಾವು ಕ್ಲೋಸಿಂಗ್ ಎರರ್ ಅನ್ನುತ್ತೇವೆ. ಅದು ಮಿತಿಯೊಳಗಿದ್ದರೆ ಹಂಚಿ ಹಾಕುತ್ತೇವೆ, ಮಿತಿ ಮೀರಿದರೆ ಮತ್ತೆ ಹೊಲಕ್ಕೆ ಇಳಿಯುತ್ತೇವೆ. ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದ ಕ್ರಮ ಹೀಗಿತ್ತು: ಮೊದಲು ಕೈಯನ್ನು ಶಂಕಿಸು, ಆಮೇಲೆ ಉಪಕರಣವನ್ನು, ಎರಡೂ ಸರಿಯಿದ್ದರೆ ಮಾತ್ರ ಕಲ್ಲು ಜರುಗಿದೆ ಅನ್ನು.

ಅನ್ಯಗ್ರಹಗಳ ಹುಡುಕಾಟವೆಂದರೆ ಇದೇ ಉಳಿಕೆಯನ್ನು ಓದುವ ಕೆಲಸ. ಗ್ರಹ ಕಾಣುವುದಿಲ್ಲ, ನಕ್ಷತ್ರದ ಬೆಳಕು ಅದನ್ನು ನುಂಗಿಬಿಡುತ್ತದೆ. ಗ್ರಹದ ಸೆಳೆತಕ್ಕೆ ನಕ್ಷತ್ರ ಇಷ್ಟೇ ಇಷ್ಟು ಅತ್ತಿತ್ತ ಜಗ್ಗುತ್ತದೆ. ನಕ್ಷತ್ರ ಎಲ್ಲಿರಬೇಕು ಎಂಬ ಲೆಕ್ಕಕ್ಕೂ ಎಲ್ಲಿ ಕಂಡಿತು ಎಂಬ ಅಳತೆಗೂ ನಡುವೆ ಉಳಿಯುವ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಗ್ರಹ ಅಡಗಿದೆ. ಇಲ್ಲವೇ ಅಳೆದವನ ತಪ್ಪು ಅಡಗಿದೆ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಈ ಕಸುಬಿಗೆ ನೂರೈವತ್ತು ವರ್ಷ ಹಿಡಿಯಿತು.

ಮದ್ರಾಸ್ ವೀಕ್ಷಣಾಲಯ ಹುಟ್ಟಿದ್ದು ವಿಲಿಯಂ ಪೆಟ್ರಿ ಎಂಬ ಕಂಪನಿ ಅಧಿಕಾರಿಯ ಖಾಸಗಿ ಆಸಕ್ತಿಯಿಂದ, ಎಗ್ಮೋರಿನಲ್ಲಿ, 1786ರಲ್ಲಿ. ಆಮೇಲೆ ಈಸ್ಟ್ ಇಂಡಿಯಾ ಕಂಪನಿ ಅದನ್ನು ವಹಿಸಿಕೊಂಡು 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಡ ಎಬ್ಬಿಸಿತು. ಉಪಕರಣ ನಿಲ್ಲಿಸಲು ನೆಟ್ಟ ಗ್ರಾನೈಟ್ ಕಂಬ ಇಂದಿಗೂ ಅಲ್ಲಿನ ಹವಾಮಾನ ಇಲಾಖೆಯ ಆವರಣದಲ್ಲಿದೆ. ನಮ್ಮ ಕಸುಬಿಗೆ ಆ ಜಾಗ ತವರು. ಟಿಪ್ಪು ಸುಲ್ತಾನ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಹೊರಟ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಮೂಲರೇಖೆ ಅಳೆದರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಇನ್ನೊಂದನ್ನು ಅಳೆದು ಮಹಾ ತ್ರಿಕೋನಮಿತಿ ಸಮೀಕ್ಷೆಗೆ ತಳಪಾಯ ಹಾಕಿದರು. ಆ ಸಮೀಕ್ಷೆಯ ರೇಖಾಂಶಗಳೆಲ್ಲ ಲೆಕ್ಕವಾದದ್ದು ಮದ್ರಾಸ್ ವೀಕ್ಷಣಾಲಯದಿಂದ. ಬೆಂಗಳೂರಿನ ಮೇಖ್ರಿ ವೃತ್ತದ ಬಳಿ 1868ರ ಮೂಲರೇಖೆಯ ಒಂದು ತುದಿಯ ಸಣ್ಣ ಕಟ್ಟಡವಿದೆ. ಅದರ ಪಕ್ಕದಲ್ಲಿ ದಿನವೂ ಸಾವಿರಾರು ವಾಹನ ಹಾದುಹೋಗುತ್ತವೆ; ಅಲ್ಲಿಂದ ಹೊರಟ ರೇಖೆಯೊಂದು ನುಂಗಂಬಾಕ್ಕಂನ ನಕ್ಷತ್ರ ವೀಕ್ಷಣೆಯವರೆಗೂ ಹೋಗುತ್ತದೆಂದು ತಿಳಿದವರು ಕಡಿಮೆ. ಆ ಕಟ್ಟಡವನ್ನು ಕಾಪಾಡಿಕೊಳ್ಳಬೇಕು.

ಜೇಕಬ್ ಬಾಂಬೆ ಎಂಜಿನಿಯರ್ಸ್ ದಳದವರು. ಜಾರ್ಜ್ ಎವರೆಸ್ಟ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ತ್ರಿಕೋನಮಿತಿ ಸಮೀಕ್ಷೆಯಲ್ಲಿ ದುಡಿದರು. ಪುಣೆಯಲ್ಲಿ ಸ್ವಂತಕ್ಕೊಂದು ಪುಟ್ಟ ವೀಕ್ಷಣಾಲಯ ಕಟ್ಟಿಕೊಂಡು ಜೋಡಿ ನಕ್ಷತ್ರಗಳನ್ನು ಅಳೆಯುತ್ತಿದ್ದರು. 1848ರಲ್ಲಿ ಮದ್ರಾಸಿನ ಹೊಣೆ ಸಿಕ್ಕಿತು. ಅಲ್ಲಿ ಅವರಿಗೆ ದೊರೆತದ್ದು ಪ್ಯಾರಿಸ್ಸಿನ ಲೆರೆಬೂರ್ ಮತ್ತು ಸೆಕ್ರೆತಾನ್ ಕಂಪನಿಯ, ಆರು ಇಂಚಿಗಿಂತ ಸ್ವಲ್ಪ ದೊಡ್ಡ ಮಸೂರದ ದೂರದರ್ಶಕ. ಆ ದೂರದರ್ಶಕ ಮುಂದೆ ಕೊಡೈಕೆನಾಲ್ ಬೆಟ್ಟ ಹತ್ತಿತು. ಅದು ಮದ್ರಾಸಿನಲ್ಲಿದ್ದಾಗಲೇ, 1852ರಲ್ಲಿ, ಅವರು ಅದರಿಂದ ಶನಿಯ ಮಬ್ಬು ಉಂಗುರದ ಮೂಲಕ ಗ್ರಹದ ಮೈ ಹಾಯ್ದು ಕಾಣುವುದನ್ನು ಗುರುತಿಸಿದರು. ಕಣ್ಣು ಒಳ್ಳೆಯದಿತ್ತು ಎಂಬುದಕ್ಕೆ ಅಷ್ಟು ಸಾಕು.

ಉರಗಧರ ಪುಂಜದಲ್ಲಿ 70 ಎಂಬ ಸಂಖ್ಯೆಯ ನಕ್ಷತ್ರವೊಂದಿದೆ. ಜೇಕಬ್ ಬೆರಳು ತೋರಿದ ಜಾಗ ಅದೇ. ಜಿ.ಟಿ. ನಾರಾಯಣರಾಯರ ಬರಹ ಓದಿ ಆಕಾಶದ ಹೆಸರುಗಳನ್ನು ಕಲಿತ ನನ್ನಂಥವರಿಗೆ ಉರಗಧರ ಪರಿಚಯದ ಪುಂಜ. ಬೇಸಿಗೆ ಮುಗಿಯುವ ಹೊತ್ತಿಗೆ ರಾತ್ರಿ ನೆತ್ತಿಯ ಕಡೆ ಬರುತ್ತದೆ. ಕತ್ತಲೆ ಇರುವ ಊರಾದರೆ 70ನೇ ನಕ್ಷತ್ರ ಬರಿಗಣ್ಣಿಗೇ ಕಂಡೀತು. ದೂರದರ್ಶಕದಲ್ಲಿ ಅದು ಒಂದಲ್ಲ, ಎರಡು. ಎರಡೂ ಕಿತ್ತಳೆ ಬಣ್ಣದವು, ಸೂರ್ಯನಿಗಿಂತ ಚಿಕ್ಕವು, ನಮ್ಮಿಂದ 16.6 ಬೆಳಕಿನ ವರ್ಷ ದೂರ. ಜೋಡಿ ಎಂದು 1779ರಲ್ಲಿ ಕಂಡುಹಿಡಿದವರು ವಿಲಿಯಂ ಹರ್ಷೆಲ್. ಒಂದನ್ನೊಂದು ಸುತ್ತಲು ಅವುಗಳಿಗೆ ಸುಮಾರು 88 ವರ್ಷ ಬೇಕು.

ಜೇಕಬ್ ಅಳೆಯುತ್ತಿದ್ದ ವಿಧಾನ ಸರಳ. ಕಣ್ಣುಮಸೂರದ ಮುಂದೆ ಜೇಡರ ಎಳೆಯಷ್ಟು ತೆಳುವಾದ ತಂತುಗಳು. ಒಂದನ್ನು ಒಂದು ನಕ್ಷತ್ರದ ಮೇಲಿಟ್ಟು, ತಿರುಪು ತಿರುಗಿಸಿ ಇನ್ನೊಂದನ್ನು ಎರಡನೆಯ ನಕ್ಷತ್ರದ ಮೇಲೆ ತರಬೇಕು. ತಿರುಪು ಎಷ್ಟು ಸುತ್ತಿತು ಎಂಬುದು ದೂರ. ತಂತುಗಳ ಚೌಕಟ್ಟು ಎಷ್ಟು ವಾಲಿತು ಎಂಬುದು ದಿಕ್ಕು. ಈ ಜೋಡಿಯ ನಡುವಿನ ಅಂತರ ಕೆಲವು ಸೆಕೆಂಡ್ ಕೋನ ಮಾತ್ರ. ಸೆಕೆಂಡ್ ಕೋನ ಎಂದರೆ ಎಷ್ಟು ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದು ಕಿಲೋಮೀಟರ್ ಆಚೆ ಐದು ಮಿಲಿಮೀಟರಿಗಿಂತಲೂ ಕಡಿಮೆ. ನಾವು ಹೊಲದಲ್ಲಿ ಹಿಡಿಯುತ್ತಿದ್ದ ಥಿಯೊಡೊಲೈಟ್ 20 ಸೆಕೆಂಡಿನವರೆಗೆ ತೋರಿಸುತ್ತಿತ್ತು. ಅದೇ ನಮಗೆ ಹೆಚ್ಚು. ಜೇಕಬ್ ಸೆಕೆಂಡಿನ ಹತ್ತನೇ ಭಾಗದ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದರು. ಮದ್ರಾಸಿನ ಸೆಕೆಯಲ್ಲಿ, ಸಮುದ್ರದ ತೇವದ ಗಾಳಿಯಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ ಅಂಕಿ ಬರೆದುಕೊಳ್ಳುತ್ತ.

ಹರ್ಷೆಲ್ ಕಾಲದಿಂದ 1855ರವರೆಗೆ ಬೇರೆ ಬೇರೆಯವರು ಬರೆದಿಟ್ಟ ಅಳತೆಗಳನ್ನೂ ತಮ್ಮವನ್ನೂ ಒಂದು ಕಕ್ಷೆಗೆ ಕೂರಿಸಿ ನೋಡಿದಾಗ ಲೆಕ್ಕ ಕೂಡಲಿಲ್ಲ. ಉಳಿಕೆ ಒಮ್ಮೆ ಈ ಕಡೆಗೆ, ಇನ್ನೊಮ್ಮೆ ಆ ಕಡೆಗೆ, ಒಂದು ಲಯದಲ್ಲಿ ತೂಗುವಂತೆ ಕಂಡಿತು. ಅದಕ್ಕೆ ಕಾಣದ ಮೂರನೆಯ ಕಾಯವೊಂದು, ಒಂದು ಗ್ರಹ, ಕಾರಣವಾಗಿರುವ ಸಂಭವ ಹೆಚ್ಚು ಎಂದು ಅವರು ಬರೆದರು. ಆ ಕಾಲದಲ್ಲಿ ಹೀಗೆ ಯೋಚಿಸುವುದು ಹುಚ್ಚಾಗಿರಲಿಲ್ಲ. ಖಗೋಳಜ್ಞ ಬೆಸ್ಸೆಲ್ 1844ರಲ್ಲಿ ಲುಬ್ಧಕದ ತೂಗಾಟ ನೋಡಿ ಅದಕ್ಕೊಂದು ಕಾಣದ ಜೊತೆಗಾರ ಇದೆ ಎಂದಿದ್ದರು. 1846ರಲ್ಲಿ ಯುರೇನಸ್ಸಿನ ಕೂಡದ ಲೆಕ್ಕದಿಂದ ನೆಪ್ಚೂನ್ ಸಿಕ್ಕಿತ್ತು. ಉಳಿಕೆಯೊಳಗೆ ಲೋಕಗಳಿವೆ ಎಂದು ಜಗತ್ತು ಆಗತಾನೇ ಕಲಿತಿತ್ತು.

ಈಗ ಲೆಕ್ಕ ಹಾಕಿ ನೋಡೋಣ. ಗುರುವಿನಂಥ ದೊಡ್ಡ ಗ್ರಹವೇ ಸೂರ್ಯನಂಥ ನಕ್ಷತ್ರವನ್ನು ಜಗ್ಗಿದರೂ, ಹದಿನಾರೂವರೆ ಬೆಳಕಿನ ವರ್ಷದ ಆಚೆಯಿಂದ ಕಾಣುವ ತೂಗಾಟ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಜೇಕಬ್ ಕೈಗೆ ನಿಲುಕುತ್ತಿದ್ದದ್ದಕ್ಕಿಂತ ನೂರು ಪಟ್ಟು ಸಣ್ಣದು. ಅವರು ಕಂಡ ಅಲೆ ಗ್ರಹದ್ದಾಗಿರಲು ಸಾಧ್ಯವೇ ಇರಲಿಲ್ಲ. ಮುಕ್ಕಾಲು ಶತಮಾನದ, ಹಲವು ಕೈಗಳ, ಹಲವು ಉಪಕರಣಗಳ ಅಳತೆಗಳನ್ನು ಒಂದೇ ಗೆರೆಗೆ ಹೊಲಿದಾಗ ಇಂಥ ಅಲೆ ತಾನಾಗಿ ಏಳುತ್ತದೆ. ಹಳೆಯ ಟಿಪ್ಪಣಿಗೂ ಹೊಸ ಅಳತೆಗೂ ತಾಳೆ ನೋಡಿದ ಮೋಜಣಿದಾರರಿಗೆಲ್ಲ ಈ ಅನುಭವ ಉಂಟು.

ಆದರೆ ಅದೇ 1855ರಲ್ಲಿ, ಜೇಕಬ್ ದುಡಿದ ಅದೇ ಸಮೀಕ್ಷೆಯ ಇನ್ನೊಂದು ಉಳಿಕೆ ಬೇರೆಯೇ ಕಥೆ ಹೇಳಿತು. ಉತ್ತರದಲ್ಲಿ ಹಿಮಾಲಯದ ಬುಡದ ಕಡೆಗೆ ಕಲಿಯಾನಾ, ದಕ್ಷಿಣಕ್ಕೆ ಮಧ್ಯ ಭಾರತದ ಕಲಿಯಾನ್‌ಪುರ. ಈ ಎರಡು ಠಾಣೆಗಳ ಅಕ್ಷಾಂಶದ ಅಂತರವನ್ನು ನೆಲದ ಮೇಲೆ ತ್ರಿಕೋನ ಹಾಕಿ ಅಳೆದಾಗ ಒಂದು ಉತ್ತರ, ನಕ್ಷತ್ರ ನೋಡಿ ಅಳೆದಾಗ ಇನ್ನೊಂದು. ವ್ಯತ್ಯಾಸ 5.236 ಸೆಕೆಂಡ್. ಎವರೆಸ್ಟ್ ಅದನ್ನು ಅಳತೆಯ ದೋಷವೆಂದು ಹಂಚಿ ಹಾಕಿದ್ದರು. ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಒಪ್ಪಲಿಲ್ಲ. ಹಿಮಾಲಯ ತೂಗುಗುಂಡನ್ನು ತನ್ನತ್ತ ಎಳೆಯುತ್ತಿದೆ ಎಂದು ಲೆಕ್ಕ ಹಾಕಿದರು. ಲೆಕ್ಕದ ಪ್ರಕಾರ ಎಳೆತ 15 ಸೆಕೆಂಡಿಗೂ ಮೀರಬೇಕಿತ್ತು, ಕಂಡದ್ದು ಐದು. ಹಾಗಾದರೆ ಪರ್ವತದ ಅಡಿಯಲ್ಲಿ ಭಾರ ಕಡಿಮೆ ಇರಬೇಕು, ಬೆಟ್ಟಕ್ಕೆ ಹಗುರವಾದ ಬೇರು ಇದೆ ಎಂದು ಇಂಗ್ಲೆಂಡಿನ ಜಾರ್ಜ್ ಏರಿ ಅದೇ ವರ್ಷ ವಿವರಿಸಿದರು. ಭೂಮಿಯ ಹೊರಚಿಪ್ಪು ಒಳಗಿನ ದ್ರವ್ಯದ ಮೇಲೆ ಸಮತೂಕದಲ್ಲಿ ನಿಂತಿದೆ ಎಂಬ ಭೂವಿಜ್ಞಾನದ ದೊಡ್ಡ ತತ್ವ ಹುಟ್ಟಿದ್ದು ಆ ಐದು ಸೆಕೆಂಡಿನಿಂದ. ಒಂದೇ ವರ್ಷ, ಒಂದೇ ಸಮೀಕ್ಷೆಯ ಸಂತಾನ, ಎರಡು ಉಳಿಕೆ. ಒಂದರಲ್ಲಿ ಹಿಮಾಲಯದ ಬೇರು ಸಿಕ್ಕಿತು, ಇನ್ನೊಂದರಲ್ಲಿ ಏನೂ ಇರಲಿಲ್ಲ. ನೋಡಿದ ಕೂಡಲೇ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ ಎಂಬುದೇ ಈ ಕಸುಬಿನ ಕಷ್ಟ, ಈ ಕಸುಬಿನ ಘನತೆ ಕೂಡ.

ಜೇಕಬ್ ಆರೋಗ್ಯ ಕೆಟ್ಟು 1859ರಲ್ಲಿ ಹುದ್ದೆ ಬಿಟ್ಟರು. ಮದ್ರಾಸಿನ ಗಾಳಿಯನ್ನು ಬಿಟ್ಟು ಪುಣೆಯ ಬಳಿ ಬೆಟ್ಟದ ಮೇಲೆ ವೀಕ್ಷಣಾಲಯ ಮಾಡಬೇಕೆಂಬ ಆಸೆಯಿಂದ ಒಂಬತ್ತು ಇಂಚಿನ ಮಸೂರ ಹಿಡಿದುಕೊಂಡು 1862ರಲ್ಲಿ ಮತ್ತೆ ಭಾರತಕ್ಕೆ ಬಂದರು. ಪುಣೆ ತಲುಪಿದ ಕೆಲವೇ ದಿನಗಳಲ್ಲಿ, ಆಗಸ್ಟ್ ತಿಂಗಳಲ್ಲಿ, ತೀರಿಕೊಂಡರು. ಐವತ್ತು ತುಂಬಿರಲಿಲ್ಲ. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಆಲ್ವನ್ ಕ್ಲಾರ್ಕ್ ಹೊಸ ಮಸೂರ ಪರೀಕ್ಷಿಸುತ್ತಿದ್ದಾಗ ಲುಬ್ಧಕದ ಕಾಣದ ಜೊತೆಗಾರ ಕಣ್ಣಿಗೇ ಬಿದ್ದಿತ್ತು. ಬೆಸ್ಸೆಲ್ ಹೇಳಿದ್ದು ನಿಜವಾಯಿತು.

70ನೇ ನಕ್ಷತ್ರದ ಗ್ರಹ ಅಷ್ಟಕ್ಕೇ ಸಾಯಲಿಲ್ಲ. 1890ರ ದಶಕದಲ್ಲಿ ಟಿ.ಜೆ.ಜೆ. ಸೀ ಎಂಬ ಅಮೆರಿಕದ ಖಗೋಳಜ್ಞರು ಅಲ್ಲಿ 36 ವರ್ಷಕ್ಕೊಮ್ಮೆ ಸುತ್ತುವ ಕಾಯವಿದೆ ಎಂದರು. ಫಾರೆಸ್ಟ್ ಮೌಲ್ಟನ್ ಎಂಬ ಯುವಕ 1899ರಲ್ಲಿ, ಹಾಗೊಂದು ಇದ್ದರೆ ಎರಡು ನಕ್ಷತ್ರಗಳ ಸೆಳೆತದಲ್ಲಿ ಅದರ ಕಕ್ಷೆ ಉಳಿಯಲಾರದು ಎಂದು ಗಣಿತದಿಂದ ತೋರಿಸಿದರು. ಸೀ ಉತ್ತರವಾಗಿ ಬರೆದ ಕಾಗದ ಎಷ್ಟು ಖಾರವಾಗಿತ್ತೆಂದರೆ, ಪತ್ರಿಕೆ ಅದರ ತುಣುಕನ್ನು ಮಾತ್ರ ಅಚ್ಚುಹಾಕಿ ಮುಂದೆ ಅವರಿಗೆ ಬಾಗಿಲು ಮುಚ್ಚಿತು. 1943ರಲ್ಲಿ ಮತ್ತಿಬ್ಬರು ಅದೇ ನಕ್ಷತ್ರಕ್ಕೆ ಗ್ರಹ ಕಟ್ಟಿದರು, ಅದೂ ನಿಲ್ಲಲಿಲ್ಲ.

ಪೀಟರ್ ವಾನ್ ಡೆ ಕಾಂಪ್ ಅವರ ಕಥೆಯನ್ನು ಮಾತ್ರ ನಾನು ಸಂಕಟಪಡದೆ ಓದಲಾರೆ. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ಸ್ಪ್ರೌಲ್ ವೀಕ್ಷಣಾಲಯದಲ್ಲಿ 24 ಇಂಚಿನ ದೂರದರ್ಶಕ ಇಟ್ಟುಕೊಂಡು, ಬರ್ನಾರ್ಡ್ ನಕ್ಷತ್ರ ಎಂಬ ಒಂದೇ ಕೆಂಪು ಚುಕ್ಕೆಯನ್ನು ಅವರು 1938ರಿಂದ ದಶಕಗಳ ಕಾಲ ಹಿಂಬಾಲಿಸಿದರು. ಅದೂ ಉರಗಧರ ಪುಂಜದಲ್ಲೇ ಇದೆ, ನಮ್ಮಿಂದ ಆರು ಬೆಳಕಿನ ವರ್ಷ. ಎರಡು ಸಾವಿರಕ್ಕೂ ಹೆಚ್ಚು ಫೋಟೊ ತಟ್ಟೆಗಳು. ಒಬ್ಬರ ಕಣ್ಣಿನ ವಾಲು ಇನ್ನೊಬ್ಬರದರಲ್ಲಿ ತೀರಿಹೋಗಲಿ ಎಂದು ಹಲವರಿಂದ ಅಳತೆ ಮಾಡಿಸಿದರು. ಕೈಯನ್ನು ಶಂಕಿಸುವ ಪಾಠ ಅವರಿಗೆ ಚೆನ್ನಾಗಿ ತಿಳಿದಿತ್ತು. 1963ರಲ್ಲಿ, ಗುರುವಿಗಿಂತ ಸ್ವಲ್ಪ ಭಾರವಾದ ಗ್ರಹವೊಂದು 24 ವರ್ಷಕ್ಕೊಮ್ಮೆ ಅದನ್ನು ಸುತ್ತುತ್ತಿದೆ ಎಂದು ಸಾರಿದರು. ಹತ್ತು ವರ್ಷ ಪಠ್ಯಪುಸ್ತಕಗಳು ಅದನ್ನು ನಂಬಿದವು.

1973ರಲ್ಲಿ ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಕ್ ಐಖ್‌ಹಾರ್ನ್ ಬೇರೆ ದೂರದರ್ಶಕಗಳ ತಟ್ಟೆ ಅಳೆದು, ಅಂಥ ತೂಗಾಟವೇ ಇಲ್ಲ ಎಂದರು. ಅದೇ ವರ್ಷ ಸ್ಪ್ರೌಲ್‌ನಲ್ಲೇ ಕೆಲಸ ಮಾಡುತ್ತಿದ್ದ ಜಾನ್ ಹರ್ಷಿ ಇನ್ನೊಂದು ನಕ್ಷತ್ರದ ತಟ್ಟೆಗಳನ್ನು ನೋಡುತ್ತಿದ್ದಾಗ ಬರ್ನಾರ್ಡ್ ನಕ್ಷತ್ರ ಜಗ್ಗಿದ ಕಾಲದಲ್ಲೇ ಅದೂ ಜಗ್ಗಿರುವುದು ಕಂಡಿತು. ದೂರ ದೂರದ ಎರಡು ನಕ್ಷತ್ರ ಒಟ್ಟಿಗೆ ಜಗ್ಗಬೇಕಾದರೆ ಜಗ್ಗಿದ್ದು ನಕ್ಷತ್ರವಲ್ಲ. 1949ರಲ್ಲಿ ದೂರದರ್ಶಕದ ಮಸೂರವನ್ನು ಹಿಡಿದಿಡುವ ಚೌಕಟ್ಟನ್ನು ಬದಲಿಸಿದ್ದರು. ಆ ಜಿಗಿತವೇ ತಟ್ಟೆಗಳಲ್ಲಿ ಗ್ರಹವಾಗಿ ಮೂಡಿತ್ತು. ಉಪಕರಣವನ್ನು ತೆಗೆದು ಮತ್ತೆ ಕೂರಿಸಿದ ದಿನವನ್ನು ಕ್ಷೇತ್ರಪುಸ್ತಕದಲ್ಲಿ ಬರೆದಿಡಬೇಕೆಂದು ನಮಗೆ ಏಕೆ ಅಷ್ಟು ಕಟ್ಟುನಿಟ್ಟಾಗಿ ಹೇಳುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ವಾನ್ ಡೆ ಕಾಂಪ್ ಕೊನೆಯವರೆಗೂ ಒಪ್ಪಲಿಲ್ಲ. 1995ರ ಮೇ ತಿಂಗಳಲ್ಲಿ ತೀರಿಕೊಂಡರು. ಇನ್ನೈದು ತಿಂಗಳು ಬದುಕಿದ್ದರೆ ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ಸಿಕ್ಕ ಸುದ್ದಿ ಕೇಳುತ್ತಿದ್ದರು. ಬರ್ನಾರ್ಡ್ ನಕ್ಷತ್ರಕ್ಕೂ ಗ್ರಹಗಳಿವೆ, ನಾಲ್ಕು. 2024 ಮತ್ತು 2025ರಲ್ಲಿ ಅವು ಖಚಿತವಾದವು. ನಾಲ್ಕೂ ಭೂಮಿಗಿಂತ ಹಗುರ, ಕೆಲವೇ ದಿನಗಳಲ್ಲಿ ಸುತ್ತು ಮುಗಿಸುವಂಥವು. ಅವರು ಹುಡುಕಿದ ಗ್ರಹ ಅವುಗಳಲ್ಲಿಲ್ಲ.

ತಾರೆಯ ಜಾಗವನ್ನೇ ಅಳೆದು ಗ್ರಹ ಹಿಡಿಯುವ ಜೇಕಬ್ ದಾರಿ ಕೊನೆಗೂ ಫಲ ಕೊಟ್ಟಿತು. ಆದರೆ ಅದಕ್ಕೆ ಗಾಳಿಯಿಲ್ಲದ ಜಾಗ ಬೇಕಾಯಿತು. ಯುರೋಪಿನ ಗಾಯಾ ನೌಕೆ ಅಂತರಿಕ್ಷದಿಂದ ನಕ್ಷತ್ರಗಳ ಸ್ಥಾನ ಅಳೆಯಿತು. ಅದರ ಅಳತೆಯಲ್ಲಿ ಒಂದು ನಕ್ಷತ್ರದ ತೂಗಾಟ ಕಂಡು, ನೆಲದ ಮೇಲಿನ ಇನ್ನೊಂದು ಉಪಕರಣದಿಂದ ತಾಳೆ ನೋಡಿದ ಮೇಲೆ, 2025ರಲ್ಲಿ ಗಾಯಾ-4ಬಿ ಎಂಬ ಗ್ರಹವನ್ನು ಪ್ರಕಟಿಸಿದರು.

ಇನ್ನೊಂದು ದಾರಿ ನಕ್ಷತ್ರದ ವೇಗದ್ದು. ನಕ್ಷತ್ರ ನಮ್ಮ ಕಡೆ ಬಂದಾಗ ಅದರ ಬೆಳಕಿನ ಗೆರೆಗಳು ನೀಲಿಯತ್ತ, ದೂರ ಸರಿದಾಗ ಕೆಂಪಿನತ್ತ ಜರುಗುತ್ತವೆ. ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್, ಗೋರ್ಡನ್ ವಾಕರ್ ಮತ್ತು ಸ್ಟೀಫನ್‌ಸನ್ ಯಾಂಗ್ ಆ ಗೆರೆಗಳಿಗೆ ಅಳತೆಗೋಲು ಬೇಕೆಂದು ಬೆಳಕಿನ ದಾರಿಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲದ ಕೊಳವೆ ಇಟ್ಟುಕೊಂಡು ಹವಾಯಿಯ ಬೆಟ್ಟದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮ ಕನ್ನಡ ಪುಸ್ತಕಗಳು ಯುಧಿಷ್ಠಿರ ಎಂದು ಕರೆಯುವ ಪುಂಜದ ಗಾಮಾ ನಕ್ಷತ್ರದಲ್ಲಿ ಗ್ರಹದ ಗುರುತು ಕಂಡದ್ದನ್ನು 1988ರಲ್ಲಿ ಬರೆದರು. 1992ರಲ್ಲಿ, ಅದು ನಕ್ಷತ್ರದ ಸ್ವಂತ ತಿರುಗಾಟದಿಂದ ಬಂದದ್ದಿರಬಹುದು ಎಂದು ತಾವೇ ಹಿಂದೆ ಸರಿದರು. 2003ರಲ್ಲಿ ಇತರರ ಅಳತೆಯೂ ಸೇರಿ ಆ ಗ್ರಹ ನಿಜವೆಂದು ಗೊತ್ತಾಯಿತು. ಎಚ್ಚರಿಕೆಗೂ ಬೆಲೆ ತೆರಬೇಕಾಗುತ್ತದೆ. ಮೊದಲಿಗರೆಂಬ ಹೆಸರನ್ನೇ ಅವರು ತೆತ್ತರು. ನನ್ನ ಮಟ್ಟಿಗೆ ಅವರ ಮೇಲಿನ ಗೌರವ ಇದರಿಂದ ಹೆಚ್ಚಿದೆ.

ಅದೇ 1992ರ ಜನವರಿಯಲ್ಲಿ ಅಟ್ಲಾಂಟಾ ನಗರದ ಸಭೆಯೊಂದರಲ್ಲಿ ನಡೆದದ್ದನ್ನು ಈ ಕಸುಬಿನವರು ಇಂದಿಗೂ ನೆನೆಯುತ್ತಾರೆ. ಇಂಗ್ಲೆಂಡಿನ ಆಂಡ್ರ್ಯೂ ಲೈನ್ ಹಿಂದಿನ ವರ್ಷ ಪಲ್ಸಾರ್ ಎಂಬ, ರೇಡಿಯೊ ಮಿಡಿತ ಕಳಿಸುವ ಸತ್ತ ನಕ್ಷತ್ರವೊಂದರ ಸುತ್ತ ಆರು ತಿಂಗಳ ಕಕ್ಷೆಯ ಗ್ರಹ ಕಂಡೆವೆಂದು ಪ್ರಕಟಿಸಿದ್ದರು. ವೇದಿಕೆ ಹತ್ತಿ ಅವರು ಹೇಳಿದ್ದು, ಆ ಗ್ರಹ ಇಲ್ಲ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ ಎಂಬುದನ್ನು ಲೆಕ್ಕದಲ್ಲಿ ಸರಿಯಾಗಿ ತೆಗೆದುಕೊಂಡಿರಲಿಲ್ಲ ಎಂದು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರ ನಂತರ ಮಾತಾಡಿದ ಅಲೆಕ್ಸಾಂಡರ್ ವೊಲ್ಶ್‌ಚಾನ್, ಡೇಲ್ ಫ್ರೇಲ್ ಜೊತೆ ಸೇರಿ ಇನ್ನೊಂದು ಪಲ್ಸಾರ್ ಸುತ್ತ ಕಂಡ ಗ್ರಹಗಳನ್ನು ಮಂಡಿಸಿದರು. ಅವು ನಿಂತವು. ಸೌರಮಂಡಲದ ಆಚೆ ಖಚಿತವಾದ ಮೊದಲ ಗ್ರಹಗಳು ಅವೇ. 1995ರ ಅಕ್ಟೋಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ 51 ಪೆಗಾಸಿ ನಕ್ಷತ್ರದ ಗ್ರಹವನ್ನು ಸಾರಿದರು: ಗುರುವಿನ ಅರ್ಧದಷ್ಟು ತೂಕ, ವರ್ಷ ಎಂದರೆ ನಾಲ್ಕು ದಿನ ಚಿಲ್ಲರೆ. ಅವರಿಗೆ 2019ರಲ್ಲಿ ನೊಬೆಲ್ ಬಂತು. ನಕ್ಷತ್ರಕ್ಕೆ ಅಷ್ಟು ಹತ್ತಿರ ದೊಡ್ಡ ಗ್ರಹ ಇರಬಹುದು, ಇಂಥದ್ದನ್ನು ನಕ್ಷತ್ರದ ವೇಗದಿಂದಲೂ, ಗ್ರಹ ಅದರ ಮುಂದೆ ದಾಟುವಾಗ ಆಗುವ ಮರೆಯಿಂದಲೂ ಹಿಡಿಯಬಹುದು ಎಂದು ಖಗೋಳಜ್ಞ ಆಟೋ ಸ್ಟ್ರೂವ್ 1952ರಲ್ಲೇ ಬರೆದಿದ್ದರು. ನಲವತ್ತು ವರ್ಷ ಆ ಮಾತನ್ನು ಕೇಳಿಸಿಕೊಂಡವರು ಕಡಿಮೆ.

ಮರೆಯ ವಿಧಾನಕ್ಕೆ ಬಂದರೆ ಮತ್ತೆ ಮದ್ರಾಸಿಗೇ ಹೋಗಬೇಕು. ಜೇಕಬ್ ಕಾಲದಲ್ಲಿ ಆ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಸ್ಥಳೀಯ ಸಹಾಯಕರಲ್ಲಿ ಚಿಂತಾಮಣಿ ರಘುನಾಥಾಚಾರ್ಯರು ಒಬ್ಬರು. ಜೇಕಬ್ ನಂತರ ಬಂದ ನಾರ್ಮನ್ ಪಾಗ್ಸನ್ ಕೈಕೆಳಗೆ ಮೊದಲ ಸಹಾಯಕರಾದರು. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ, ಬೆಳಕು ಏರಿಳಿಯುವ ನಕ್ಷತ್ರವನ್ನು ಕಂಡುಹಿಡಿದರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಿತು. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋಗುವುದಿತ್ತು. ಅದೇನು, ಏಕೆ, ಹೇಗೆ ನೋಡಬೇಕು ಎಂದು ಜನರಿಗೆ ತಿಳಿಸಲು ಆಚಾರ್ಯರು ಸಂವಾದದ ರೂಪದಲ್ಲಿ ಒಂದು ಕಿರುಪುಸ್ತಕ ಬರೆದರು. ಅದು ಹಲವು ಭಾಷೆಗಳಲ್ಲಿ ಬಂತು. ಅವುಗಳಲ್ಲಿ ಕನ್ನಡವೂ ಒಂದು. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಕಪ್ಪು ಚುಕ್ಕೆಯಾಗಿ ದಾಟುವುದನ್ನು ಕನ್ನಡ ಓದುಗರು ಅಚ್ಚಿನಲ್ಲಿ ಓದಿ ಒಂದೂವರೆ ಶತಮಾನ ಆಯಿತು. ಈ ಪುಸ್ತಕದ ಬಗ್ಗೆ ಶಾಲೆಯಲ್ಲಿ ನಮಗೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಇಂದು ತಿಳಿದಿರುವ ಗ್ರಹಗಳಲ್ಲಿ ಬಹುಪಾಲು ಸಿಕ್ಕಿರುವುದು ಹೀಗೇ ದಾಟುವಾಗ. ದೂರದಿಂದ ನೋಡುವವರಿಗೆ ಗುರು ಗ್ರಹ ಸೂರ್ಯನ ಬೆಳಕನ್ನು ನೂರರಲ್ಲೊಂದು ಪಾಲು ಕುಂದಿಸುತ್ತದೆ. ಭೂಮಿಯಾದರೆ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. 2009ರಲ್ಲಿ ಹಾರಿದ ಕೆಪ್ಲರ್ ನೌಕೆ ಅಂಥ ಕುಂದನ್ನು ಹಿಡಿದು ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಗ್ರಹಗಳನ್ನು ಕಂಡಿತು. ಖಚಿತವಾದವುಗಳ ಒಟ್ಟು ಎಣಿಕೆ 2025ರಲ್ಲಿ ಆರು ಸಾವಿರ ದಾಟಿತು. ಮದ್ರಾಸ್ ವೀಕ್ಷಣಾಲಯದ ವಾರಸುದಾರ ಸಂಸ್ಥೆ ಈಗ ಬೆಂಗಳೂರಿನ ಕೋರಮಂಗಲದಲ್ಲಿದೆ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಹಳೆಯ ದಾಖಲೆಗಳೂ ಅಲ್ಲೇ ಇವೆ. ಲಡಾಖಿನ ಹಾನ್ಲೆಯಲ್ಲಿರುವ ಅವರ ಎರಡು ಮೀಟರಿನ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಅದರಿಂದಲೂ ತಮಿಳುನಾಡಿನ ಕಾವಲೂರಿನಲ್ಲಿರುವ ಅವರ ದೂರದರ್ಶಕದಿಂದಲೂ ಅನ್ಯಗ್ರಹಗಳು ದಾಟುವುದನ್ನು ಅಳೆದಿದ್ದಾರೆ. ಕೋಲಾರದಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಹೊಸಕೋಟೆ ಬಂದಾಗ ನನಗೆ ಈ ವಿಷಯ ಪಕ್ಕದವರಿಗೆ ಹೇಳಬೇಕೆನಿಸುತ್ತದೆ, ಹೇಳಿಯೂ ಇದ್ದೇನೆ.

ಕಾವಲೂರಿಗೆ ಸಂಬಂಧಿಸಿದ ಒಂದು ಘಟನೆಯನ್ನು ಇಲ್ಲಿ ಬರೆಯಲೇಬೇಕು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದನ್ನು ನೋಡಲು ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅಲ್ಲಿನ ಒಂದು ಮೀಟರಿನ ದೂರದರ್ಶಕದ ಮುಂದೆ ಕೂತಿದ್ದರು. ಗ್ರಹ ಬರುವ ಮೊದಲೇ ನಕ್ಷತ್ರದ ಬೆಳಕು ಕುಂದಿ ಮತ್ತೆ ಎದ್ದಿತು. ಹೊಸ ಉಪಗ್ರಹವೊಂದು ಅಡ್ಡ ಬಂದಿದೆ ಎಂದು ಅವರು ಭಾವಿಸಿ ಬರೆದರು. ಅದು ಯುರೇನಸ್ಸಿನ ಉಂಗುರ ಎಂಬುದು ಅದೇ ರಾತ್ರಿ ವಿಮಾನದಿಂದ ನೋಡಿದ ಅಮೆರಿಕದ ತಂಡದ ದಾಖಲೆಯಿಂದ ಗೊತ್ತಾಯಿತು. ವಿವರಣೆ ಬದಲಾಯಿತು, ಕಾವಲೂರಿನ ಅಳತೆ ಹಾಗೇ ನಿಂತಿತು.

ಜೀವದ ಹುಡುಕಾಟ ಈಗ ಜೇಕಬ್ ನಿಂತಿದ್ದ ಜಾಗದಲ್ಲೇ ನಿಂತಿದೆ ಎಂದು ನನಗೆ ಅನಿಸುತ್ತದೆ. ಲೋಕಗಳು ಹಲವಿರಬಹುದೇ ಎಂಬ ಅಂದಿನ ವಾದಕ್ಕೆ ಅವರೂ 1855ರಲ್ಲಿ ಒಂದು ಕಿರುಹೊತ್ತಿಗೆ ಸೇರಿಸಿದ್ದರು. ಆಗ ಅದು ಮಾತಿನ ವಾದ. ಈಗ ಅಳತೆ ಸಿಕ್ಕಿದೆ: ಗ್ರಹ ದಾಟುವಾಗ ನಕ್ಷತ್ರದ ಬೆಳಕು ಅದರ ವಾತಾವರಣದ ಅಂಚಿನಲ್ಲಿ ಸೋಸಿ ಬರುತ್ತದೆ, ಯಾವ ಅನಿಲ ಎಷ್ಟು ಹೀರಿತು ಎಂದು ಅದರಲ್ಲಿ ಓದಬಹುದು. 124 ಬೆಳಕಿನ ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇವೆ ಎಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 2023ರಲ್ಲಿ ವೆಬ್ ಎಂಬ ಅಂತರಿಕ್ಷ ದೂರದರ್ಶಕದ ಮಾಹಿತಿಯಿಂದ ತೋರಿಸಿತು. 2025ರ ಏಪ್ರಿಲ್‌ನಲ್ಲಿ, ಡೈಮೀಥೈಲ್ ಸಲ್ಫೈಡ್ ಅಥವಾ ಅದರ ದಾಯಾದಿ ಅನಿಲವೊಂದರ ಗುರುತೂ ಇದೆ ಎಂದಿತು. ಭೂಮಿಯಲ್ಲಿ ಅದನ್ನು ಹೆಚ್ಚಾಗಿ ಮಾಡುವುದು ಕಡಲಿನ ಸೂಕ್ಷ್ಮಜೀವಿಗಳು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರ ಬಂದವು. ಆದರೆ ಸಿಕ್ಕ ಗುರುತು ಆಕಸ್ಮಿಕವಾಗಿರುವ ಸಂಭವ ಸಾವಿರಕ್ಕೆ ಮೂರು ಎಂಬ ಮಟ್ಟದ್ದು; ಈ ಕಸುಬು ಪತ್ತೆ ಎಂದು ಒಪ್ಪುವ ಮಟ್ಟ ಅದಕ್ಕಿಂತ ಬಹಳ ಮೇಲಿದೆ. ಬೇರೆ ತಂಡಗಳು ಅದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿ ಆ ಗುರುತು ನಿಲ್ಲುವುದಿಲ್ಲ ಎಂದವು. ಜೀವವೇ ಇಲ್ಲದ ಧೂಮಕೇತುವಿನಲ್ಲೂ ಆ ಅನಿಲ ಸಿಕ್ಕಿದೆ.

ಇದನ್ನು ಸೋಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಳತೆ ಎಲ್ಲರ ಮುಂದಿದೆ, ಯಾರು ಬೇಕಾದರೂ ತೆಗೆದು ತಾಳೆ ನೋಡಬಹುದು. ಜೇಕಬ್ ಅಂಕಿಗಳನ್ನು ಅಚ್ಚುಹಾಕಿದ್ದರಿಂದಲೇ ಅವರ ತಪ್ಪನ್ನು ಇನ್ನೊಬ್ಬರಿಗೆ ಹಿಡಿಯಲು ಸಾಧ್ಯವಾಯಿತು. ಹಾಗೆ ಬಿಚ್ಚಿಟ್ಟವರು ತಪ್ಪಿದರೂ ಕೆಲಸ ಮುಂದೆ ಹೋಗುತ್ತದೆ.

ಹೊಸ ಸರಪಳಿ ಬಂದರೆ ಅದನ್ನು ಮೊದಲು ಕಚೇರಿಯ ಅಂಗಳದಲ್ಲಿ ಗುರುತು ಹಾಕಿಟ್ಟ ದೂರಕ್ಕೆ ಹಿಡಿದು ನೋಡುತ್ತಿದ್ದೆವು. ಗೊತ್ತಿರುವ ಉದ್ದವನ್ನು ಸರಿಯಾಗಿ ತೋರಿಸದ ಸರಪಳಿ ಗೊತ್ತಿಲ್ಲದ್ದನ್ನು ಏನು ತೋರಿಸೀತು? ಜೀವ ಇದೆಯೆಂದು ಖಚಿತವಾಗಿ ಗೊತ್ತಿರುವ ಗ್ರಹ ಒಂದೇ, ನಮ್ಮದು. ಗೆಲಿಲಿಯೊ ನೌಕೆ ಗುರುವಿಗೆ ಹೋಗುವ ದಾರಿಯಲ್ಲಿ 1990ರ ಡಿಸೆಂಬರಿನಲ್ಲಿ ಭೂಮಿಯ ಪಕ್ಕ ಹಾದಾಗ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಅದರ ಉಪಕರಣಗಳನ್ನು ಭೂಮಿಯತ್ತಲೇ ತಿರುಗಿಸಿ, ಏನೂ ಗೊತ್ತಿಲ್ಲದವರಂತೆ ಪರೀಕ್ಷಿಸಿದರು. ಆಮ್ಲಜನಕ, ಮೀಥೇನ್, ಹಸಿರು ಎಲೆಯ ಗುರುತು, ರೇಡಿಯೊ ಸಂಕೇತ, ಎಲ್ಲ ಕಂಡವು. 1993ರಲ್ಲಿ ಅದನ್ನು ಪ್ರಕಟಿಸಿದರು.

ಅದೇ ಪರೀಕ್ಷೆಗೆ ನಮ್ಮವರೂ ಒಂದು ಉಪಕರಣ ಕಟ್ಟಿದ್ದಾರೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಶೇಪ್, 2023ರ ಜುಲೈ 14ರಂದು ಚಂದ್ರಯಾನ-3ರ ಪ್ರೊಪಲ್ಷನ್ ಘಟಕದ ಮೇಲೆ ಕೂತು ಹೊರಟಿತು. ಲ್ಯಾಂಡರ್ ಇಳಿದ ಸಂಭ್ರಮದಲ್ಲಿ ಇದನ್ನು ಗಮನಿಸಿದವರು ಕಡಿಮೆ. ಚಂದ್ರನ ಕಕ್ಷೆಯಿಂದ ಅದು ಭೂಮಿಯನ್ನು ದೂರದ ಗ್ರಹವೆಂಬಂತೆ ನೋಡಿತು, 1ರಿಂದ 1.7 ಮೈಕ್ರಾನ್ ತರಂಗದ ಅವಕೆಂಪು ಬೆಳಕಿನಲ್ಲಿ. 2023ರ ಅಕ್ಟೋಬರ್ 28ರ ಚಂದ್ರಗ್ರಹಣದ ದಿನ ಅದನ್ನು ವಿಶೇಷವಾಗಿ ನಡೆಸಿದರು. ನಮಗೆ ಅದು ಚಂದ್ರಗ್ರಹಣ. ಚಂದ್ರನ ಬಳಿ ಇರುವ ಉಪಕರಣಕ್ಕೆ ಅಂದು ಸೂರ್ಯನ ಮುಂದೆ ಬಂದದ್ದು ಭೂಮಿ.